ಬರೆದಂತೆ ಓದುವವರ ಇಂಗ್ಲಿಷ್

ಬುಧವಾರಕ್ಕೆ ಇಂಗ್ಲಿಷಿನಲ್ಲಿ 'ವೆಡ್ನೆಸ್‌ಡೇ' ಅಂದರೆ ಪಕ್ಕದವರು ನಗ್ತಾರೆ. 'ವೆನ್ಸ್‌ಡೇ' ಅನ್ನಬೇಕಂತೆ. ಹಾಗಾದ್ರೆ ನಡುವೆ ಆ 'ಡಿ' ಯಾಕೆ ಬರೀತೀರಿ ಸ್ವಾಮಿ? ವೋಡನ್ ಅನ್ನೋ ಹಳೇ ದೇವರ ಹೆಸರಿಂದ ಬಂದ ಅಕ್ಷರ ಅದು. ನಾಲಿಗೆ ಅದನ್ನು ಬಿಟ್ಟಿತು, ಕಾಗದ ಬಿಡಲಿಲ್ಲ.

ನಮ್ಮ ತಪ್ಪುಗಳ ಮೂಲ ಇರೋದೇ ಇಲ್ಲಿ. ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದದ್ದನ್ನೇ ಓದ್ತೀವಿ. ಇಂಗ್ಲಿಷಿನ ಕಥೆ ಬೇರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಮುಂದೆ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಯ್ತು. ಜನರ ಉಚ್ಚಾರ ಬದಲಾಗುತ್ತಲೇ ಹೋಯ್ತು. 'ನೈಫ್' ಪದದ ಮೊದಲ 'ಕೆ'ಯನ್ನು ಒಂದು ಕಾಲದಲ್ಲಿ ಇಂಗ್ಲಿಷರೇ ಉಚ್ಚರಿಸ್ತಿದ್ರು. ಸಾಲ ಅನ್ನೋ ಅರ್ಥದ 'ಡೆಟ್' ಪದದ 'ಬಿ' ಇನ್ನೂ ತಮಾಷೆ. ಫ್ರೆಂಚಿನಿಂದ ಬಂದಾಗ ಅದು ಇರಲೇ ಇಲ್ಲ. ಲ್ಯಾಟಿನ್ ಮೂಲ ತೋರಿಸೋಕೆ ಪಂಡಿತರು ಆಮೇಲೆ ಸೇರಿಸಿದ್ದು. ಬರೆದದ್ದನ್ನು ನಂಬಿ ಓದಿದ ನಮ್ಮ ಹುಡುಗ ಮಾಡಿದ ಅಪರಾಧವಾದ್ರೂ ಏನು?

ಹಾಗಂತ ಎಲ್ಲವನ್ನೂ ಬಿಟ್ಟುಬಿಡೋಕಾಗಲ್ಲ. ಮೂರು ಕಡೆ ಗಮನ ಕೊಡಿ.

ಒಂದು, 'ವಿ' ಮತ್ತು 'ಡಬ್ಲ್ಯೂ'. ನಮಗೆ ಎರಡಕ್ಕೂ ಒಂದೇ 'ವ'. ಹಾಗಾಗಿ ದ್ರಾಕ್ಷಿ ಬಳ್ಳಿಯೂ 'ವೈನ್', ಕುಡಿಯೋದೂ 'ವೈನ್'. ಬಳ್ಳಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕುಡಿಯೋ ವೈನ್‌ಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು.

ಎರಡು, 'ಝಡ್'. 'ಜೀರೋ' ಅನ್ನೋ ಮುಂಚೆ ಉದ್ದಕ್ಕೆ 'ಸ್‌ಸ್‌ಸ್' ಅನ್ನಿ, ಹಾಗೇ ಗಂಟಲಿಂದ ದನಿ ಸೇರಿಸಿ. ಜೇನುನೊಣದ ಸದ್ದು ಬರುತ್ತಲ್ಲ, ಅದೇ ಸರಿ.

ಮೂರು, ಒತ್ತು. ಕನ್ನಡದ ಪದವನ್ನು ಎಲ್ಲಿ ಒತ್ತಿ ಹೇಳಿದರೂ ಅರ್ಥ ಬದಲಾಗಲ್ಲ. ಇಂಗ್ಲಿಷಿನಲ್ಲಿ 'ಪ್ರೆಸೆಂಟ್' ಪದದ ಮೊದಲ ಭಾಗ ಒತ್ತಿದರೆ ಉಡುಗೊರೆ, ಎರಡನೇ ಭಾಗ ಒತ್ತಿದರೆ ಅದನ್ನು ಕೊಡುವ ಕೆಲಸ. 'ಹೋಟೆಲ್'ನಲ್ಲಿ ಒತ್ತು ಬೀಳೋದು 'ಟೆಲ್' ಮೇಲೆ.

ಇಂಜಿನಿಯರಿಂಗ್ ಓದುವಾಗ ನಾನು ನೋಡಿದ್ದೀನಿ. ಎಂಥ ಸರ್ಕ್ಯೂಟ್ ಕೊಟ್ಟರೂ ಬಿಡಿಸುತ್ತಿದ್ದ ಕನ್ನಡ ಮಾಧ್ಯಮದ ಹುಡುಗರು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಬಾಯಿ ಬಿಡ್ತಿರಲಿಲ್ಲ. ಉತ್ತರ ಗೊತ್ತಿತ್ತು. ಎಲ್ಲಿ ನಗ್ತಾರೋ ಅನ್ನೋ ಭಯ. ಕೆಲಸ ಕೈತಪ್ಪಿಸಿದ್ದು ಆ ಮೌನ.

ಹಾಗಾಗಿ ಅರ್ಥ ಕೆಡಿಸೋ ತಪ್ಪನ್ನು ತಿದ್ದಿಕೊಳ್ಳಿ. ಮಾತಿನಲ್ಲಿ ಕನ್ನಡದ ಧಾಟಿ ಇದ್ದರೆ ಇರಲಿ ಬಿಡಿ.

ನಗುವವರಿಗೂ ಒಂದು ಮಾತು. ಇಂಗ್ಲಿಷರ ಬಾಯಲ್ಲಿ ಬೆಂಗಳೂರು 'ಬ್ಯಾಂಗಲೋರ್' ಆಗಿತ್ತು. ಇಂಗ್ಲಿಷಿನಲ್ಲೂ ಬೆಂಗಳೂರು ಅಂತ ಅಧಿಕೃತವಾಗಿ ತಿದ್ದಿದ್ದು 2014ರ ನವೆಂಬರ್ 1ರಂದು. ಅಷ್ಟು ವರ್ಷ ಅವರ ನಾಲಿಗೆಯನ್ನು ಸಹಿಸಿಕೊಂಡವರು ನಾವು. ನಮ್ಮ ಮಕ್ಕಳ ನಾಲಿಗೆಗೂ ಒಂದಿಷ್ಟು ಟೈಮ್ ಕೊಡೋಣ, ಅಲ್ವಾ?