ಹಳೆಯ ವಾಹನಕ್ಕೆ ಅನ್ಯ ಎಂಜಿನ್ನು: ಗುಜರಿ ಭಾಗಗಳ ಯೋಗ್ಯತಾವಿಚಾರ

ಪಶ್ಚಿಮಘಟ್ಟಗಳ ತಪ್ಪಲಿನ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಗ್ರಾಮಗಳಂತೆ ಒತ್ತೊತ್ತಾಗಿ ನಿಂತಿರುವುದಿಲ್ಲ. ಅಡಕೆ ತೋಟದ ಮಗ್ಗುಲಲ್ಲೊಂದು, ಗುಡ್ಡದ ಓರೆಯಲ್ಲೊಂದು ಎಂಬಂತೆ ಅವು ದೂರದೂರವಾಗಿರುತ್ತವೆ. ಅಂಗಳದಿಂದ ಡಾಮರು ರಸ್ತೆಗೆ ಬರುವ ದಾರಿಯು ಅನೇಕ ಕಡೆ ಕೆಂಪುಮಣ್ಣಿನ ಕಡಿದಾದ ಏರು. ಮಳೆಗಾಲದಲ್ಲಿ ಅದು ಕೆಸರಿನ ಇಳಿಜಾರು. ಇಂತಹ ದಾರಿಯಲ್ಲಿ ಅಡಕೆ ಮೂಟೆಯನ್ನು ಪೇಟೆಗೂ ರೋಗಿಯನ್ನು ಆಸ್ಪತ್ರೆಗೂ ಮಕ್ಕಳನ್ನು ಶಾಲೆಗೂ ತಲುಪಿಸುವ ವಾಹನವನ್ನು ಭೋಗವಸ್ತುವೆಂದು ಬಗೆಯಲಾಗದು. ನೇಗಿಲು ನೊಗಗಳಂತೆ ಅದೂ ಸಂಸಾರದ ಸಾಧನ. ಆದುದರಿಂದಲೇ ಇಲ್ಲಿಯ ಜನರು ಹಳೆಯ ವಾಹನವನ್ನು ಬೇಗನೆ ಕೈಬಿಡರು. ಅದರ ಎಂಜಿನ್ನು ಸೋತರೆ ಮತ್ತೊಂದನ್ನು ತಂದು ಕೂಡಿಸಿಯಾದರೂ ಅದನ್ನು ಉಳಿಸಿಕೊಳ್ಳಲು ಯತ್ನಿಸುವರು.

ಈ ಪರಿಪಾಟಿಯು ಜೀಪುಗಳ ಕಾಲದಿಂದ ಬಂದದ್ದು. ಮಲೆನಾಡಿನಲ್ಲಿಯೂ ಘಟ್ಟದ ಕೆಳಗೂ ಓಡಾಡುತ್ತಿದ್ದ ಪೆಟ್ರೋಲ್ ಜೀಪುಗಳ ಎಂಜಿನ್ನನ್ನು ಕಳಚಿ, ಇಂಧನದ ಮಿತವ್ಯಯಕ್ಕಾಗಿ ಡೀಸೆಲ್ ಎಂಜಿನ್ನು ಜೋಡಿಸುವ ವಿದ್ಯೆಯನ್ನು ಗ್ಯಾರೇಜಿನ ಮೇಸ್ತ್ರಿಗಳು ಬಹುಹಿಂದೆಯೇ ಕೈವಶ ಮಾಡಿಕೊಂಡಿದ್ದರು. ಮುಂದೆ ಜಪಾನೀ ವಿನ್ಯಾಸದ ವಾಹನಗಳು ಬಂದಾಗ ಅದೇ ವಿದ್ಯೆ ಅವುಗಳಿಗೂ ಸಂದಿತು. ಮಾರುತಿ ಉದ್ಯೋಗ್ ಸಂಸ್ಥೆಯು ಜಪಾನಿನ ಸುಜುಕಿಯೊಡನೆ 1982ರಲ್ಲಿ ಒಪ್ಪಂದ ಮಾಡಿಕೊಂಡು, 1983ರ ಡಿಸೆಂಬರ್ 14ರಂದು ಮಾರುತಿ 800 ಕಾರನ್ನು ಹೊರತಂದಿತು. 1984ರಲ್ಲಿ ಮಾರುತಿ ವ್ಯಾನು ಬಂದಿತು. ಓಮ್ನಿ ಎಂಬ ಹೆಸರಿನಿಂದ ಪ್ರಸಿದ್ಧವಾದ ವಾಹನ ಇದೇ. 1985ರಲ್ಲಿ ನಾಲ್ಕೂ ಚಕ್ರಗಳಿಗೆ ಬಲವನ್ನೀಯಬಲ್ಲ ಜಿಪ್ಸಿ ಬಂದಿತು. 2000ದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದು 2005ರವರೆಗೆ ನಡೆಯಿತು. ಈಗ ಇವೆಲ್ಲವೂ ನಿಂತಿವೆ. ಮಾರುತಿ 800ರ ತಯಾರಿಕೆ 2014ರಲ್ಲಿ ಮುಗಿಯಿತು. ಓಮ್ನಿ, ಜಿಪ್ಸಿಗಳು 2019ರ ವೇಳೆಗೆ ಮಾರುಕಟ್ಟೆಯಿಂದ ಮರೆಯಾದುವು. ತಯಾರಿಕೆ ನಿಂತ ವಾಹನಕ್ಕೆ ಹೊಸ ಭಾಗಗಳು ವರುಷದಿಂದ ವರುಷಕ್ಕೆ ವಿರಳವಾಗುವುದು ಸಹಜ. ಆಗ ಒದಗುವುದು ಗುಜರಿ.

ಜಪಾನಿನ ಹಳೆಯ ವಾಹನಗಳ ಭಾಗಗಳು ಅನ್ಯದೇಶಗಳಿಗೆ ದೊರೆಯುವ ಬಗೆಗೂ ನಮ್ಮಲ್ಲಿ ದೊರೆಯುವ ಬಗೆಗೂ ಭೇದವಿದೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರುಷಗಳ ಅನಂತರವೂ ಆಮೇಲೆ ಎರಡೆರಡು ವರುಷಗಳಿಗೊಮ್ಮೆಯೂ ಕಡ್ಡಾಯ ತಪಾಸಣೆಯುಂಟು. ಅದರ ವೆಚ್ಚವನ್ನು ಹೊರುವುದಕ್ಕಿಂತ ವಾಹನವನ್ನು ಮಾರುವುದೇ ಲೇಸೆಂದು ಅಲ್ಲಿಯ ಅನೇಕರು ಬಗೆಯುವುದರಿಂದ, ಇನ್ನೂ ಸತ್ತ್ವವುಳ್ಳ ಎಂಜಿನ್ನುಗಳು ರಾಶಿರಾಶಿಯಾಗಿ ಪರದೇಶಗಳಿಗೆ ಹೋಗುತ್ತವೆ. ಭಾರತದಲ್ಲಾದರೋ ಬಳಸಿದ ವಾಹನಗಳ ಆಮದಿಗೆ ಕಠಿಣ ನಿರ್ಬಂಧಗಳಿವೆ. ಹೀಗಾಗಿ ನಮ್ಮ ಗುಜರಿಯ ಆಧಾರವು ಬಹುಮಟ್ಟಿಗೆ ಇಲ್ಲಿಯೇ ತಯಾರಾಗಿ ಇಲ್ಲಿಯೇ ಓಡಿ ಮುಗಿದ ವಾಹನಗಳು. ಅಪಘಾತದಲ್ಲಿ ಮೈ ನುಜ್ಜುಗುಜ್ಜಾಗಿ ವಿಮಾ ಸಂಸ್ಥೆಯವರು ಪೂರ್ಣನಷ್ಟವೆಂದು ಎಣಿಸಿದವು, ತುಕ್ಕು ಹಿಡಿದು ತಳ ಕಳಚಿದವು, ಆಯುಷ್ಯ ತೀರಿ ಹರಾಜಿಗೆ ಬಂದವು, ಇವು ಅದರ ಮೂಲಗಳು. ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ ಮೊದಲಾದವು ಈ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಪುತ್ತೂರು, ಸುಳ್ಯದ ಮೇಸ್ತ್ರಿಗಾದರೋ ಮಂಗಳೂರೂ ಗಡಿಯಾಚೆಯ ಕಾಸರಗೋಡೂ ಹತ್ತಿರದವು. ಅಲ್ಲಿ ದೊರೆಯದಿದ್ದರೆ ಮಾತ್ರ ದೂರದ ಪೇಟೆಗಳ ವಿಚಾರ.

ದೊರೆತದ್ದೆಲ್ಲವೂ ಹೊಂದುವುದೆಂಬ ನಿಯಮವಿಲ್ಲ. ವ್ಯಾಕರಣವನ್ನು ಬಲ್ಲವರಿಗೆ ಇದನ್ನು ಒಂದು ನಿದರ್ಶನದಿಂದ ವಿಶದಪಡಿಸಬಹುದು. ಸಂಧಿಕಾರ್ಯದಲ್ಲಿ ಒಂದು ವರ್ಣದ ಸ್ಥಾನದಲ್ಲಿ ಮತ್ತೊಂದು ಬಂದು ನಿಂತರೆ ಅದು ಆದೇಶ. ಪಾಣಿನೀಯರ ಮತದಲ್ಲಿ ಆದೇಶವು ಸಾಮಾನ್ಯವಾಗಿ ಸ್ಥಾನಿಯ ಧರ್ಮವನ್ನು ವಹಿಸಿಕೊಳ್ಳುತ್ತದೆ. ಹಿಂದೆ ಇದ್ದುದು ಮಾಡುತ್ತಿದ್ದ ಕಾರ್ಯವನ್ನು ಮುಂದೆ ಬಂದದ್ದು ಮಾಡಬೇಕು. ಎಂಜಿನ್ನಿನ ಬದಲಾವಣೆಯೂ ಇಂತಹ ಆದೇಶವೇ. ಬಂದ ಎಂಜಿನ್ನು ಹೋದುದರ ಧರ್ಮವನ್ನು ವಹಿಸಬಲ್ಲುದೇ ಎಂಬುದನ್ನು ಮೂರು ಬಗೆಯಲ್ಲಿ ಪರೀಕ್ಷಿಸಬೇಕಾಗುತ್ತದೆ: ಅಳತೆ, ಬಲ ಮತ್ತು ದಾಖಲೆ. ಈ ಮೂರರಲ್ಲಿ ಒಂದು ಕೆಟ್ಟರೂ ಉಳಿದೆರಡರಿಂದ ಪ್ರಯೋಜನವಿಲ್ಲ.

ಮೊದಲನೆಯದು ಅಳತೆ. ಮಾರುತಿ 800 ಮತ್ತು ಓಮ್ನಿ ಇವೆರಡರಲ್ಲಿಯೂ ಇರುವುದು ಮೂರು ಸಿಲಿಂಡರುಗಳ, 796 ಘನ ಸೆಂಟಿಮೀಟರಿನ, ಎಫ್8ಬಿ ಎಂಬ ಸಂಕೇತದ ಎಂಜಿನ್ನೇ. ಇದನ್ನು ಕೇಳಿದೊಡನೆ ಕಾರಿನ ಎಂಜಿನ್ನನ್ನು ವ್ಯಾನಿಗೆ ಹಾಗೆಯೇ ಇಳಿಸಬಹುದೆಂದು ತೋರುವುದು ಸಹಜ. ಆದರೆ ಕಾರಿನಲ್ಲಿ ಎಂಜಿನ್ನು ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ಎಳೆಯುತ್ತದೆ. ಓಮ್ನಿಯಲ್ಲಿ ಅದು ಮುಂದಿನ ಆಸನಗಳ ಕೆಳಗೆ ಉದ್ದುದ್ದವಾಗಿ ಕುಳಿತು, ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು ದೂಡುತ್ತದೆ. ಆದುದರಿಂದ ಗೇರ್‌ಬಾಕ್ಸು, ಎಂಜಿನ್ನನ್ನು ಹೊರುವ ಆಸರೆಗಳು, ಗಾಳಿ ಬರುವ ಮತ್ತು ಹೊಗೆ ಹೋಗುವ ಮಾರ್ಗಗಳು ಇವೆಲ್ಲ ಬೇರೆ. ಬಲ್ಲ ಮೇಸ್ತ್ರಿಯು ಓಮ್ನಿಯ ಹಳೆಯ ಎಂಜಿನ್ನಿನ ಹೊರಭಾಗಗಳನ್ನು ಜೋಪಾನವಾಗಿ ತೆಗೆದಿರಿಸಿ, ತಂದ ಎಂಜಿನ್ನಿನ ಒಡಲಿಗೆ ಅವುಗಳನ್ನೇ ತೊಡಿಸುತ್ತಾನೆ. ಹಳೆಯ ಎಂಜಿನ್ನನ್ನು ಅವಸರದಿಂದ ಗುಜರಿಗೆ ಕೊಟ್ಟವನಿಗೆ ಈ ಭಾಗಗಳನ್ನು ಮತ್ತೆ ಹಣ ತೆತ್ತು ಅರಸುವ ಕಷ್ಟ ತಪ್ಪದು.

ಅಳತೆಯಲ್ಲಿಯೇ ಅಡಗಿರುವ ಇನ್ನೊಂದು ಸೂಕ್ಷ್ಮವಿದೆ. ಮೊದಲಿನ ಎಂಜಿನ್ನುಗಳಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುತ್ತಿದ್ದುದು ಕಾರ್ಬುರೇಟರು. ಈಚಿನವುಗಳಲ್ಲಿ ಎಂ.ಪಿ.ಎಫ್.ಐ. ಎಂಬ ವ್ಯವಸ್ಥೆಯು ಪ್ರತಿಯೊಂದು ಸಿಲಿಂಡರಿಗೂ ಇಂಧನವನ್ನು ಅಳೆದು ಚಿಮ್ಮಿಸುತ್ತದೆ. ಎಂ.ಪಿ.ಎಫ್.ಐ. ಎಂಜಿನ್ನನ್ನು ಕಾರ್ಬುರೇಟರಿನ ವಾಹನಕ್ಕೆ ತರುವವರು ಎಂಜಿನ್ನನ್ನಷ್ಟೇ ತಂದರೆ ಅದು ಮೂಕವಸ್ತು. ಅದರೊಡನೆ ಅದರ ವಿದ್ಯುನ್ಮಾನ ನಿಯಂತ್ರಕ, ಪೂರ್ತಿ ವೈರಿಂಗು, ಸೆನ್ಸರುಗಳು, ಟ್ಯಾಂಕಿನೊಳಗಣ ಪೆಟ್ರೋಲ್ ಪಂಪು ಇವೆಲ್ಲವೂ ಒಂದೇ ವಾಹನದಿಂದ ಬರಬೇಕು. ತಂತಿಗಳನ್ನು ನಡುವೆ ಕತ್ತರಿಸಿ ಕೊಟ್ಟ ಎಂಜಿನ್ನು ಅಗ್ಗವೆಂದು ಕೊಂಡವರು ಬೆಲೆಯ ಉಳಿತಾಯವನ್ನೆಲ್ಲ ಎಲೆಕ್ಟ್ರಿಷಿಯನ್ನಿಗೆ ತೆರುವುದುಂಟು.

ಎರಡನೆಯದು ಬಲ. ಜಿಪ್ಸಿಯ ಮೊದಲ ಎಂಜಿನ್ನು 970 ಘನ ಸೆಂಟಿಮೀಟರಿನದು. ಅದರ ಶಕ್ತಿ ಸುಮಾರು 45 ಅಶ್ವಬಲ. 1996ರಲ್ಲಿ ಬಂದ ಜಿಪ್ಸಿ ಕಿಂಗಿನಲ್ಲಿ 1298 ಘನ ಸೆಂಟಿಮೀಟರಿನ ಎಂಜಿನ್ನಿತ್ತು, ಎಂ.ಪಿ.ಎಫ್.ಐ. ಬಂದ ಬಳಿಕ ಅದರ ಶಕ್ತಿ ಸುಮಾರು 80 ಅಶ್ವಬಲಕ್ಕೆ ಏರಿತು. ಎಸ್ಟೀಮ್ ಕಾರಿನ 1298ರ ಎಂಜಿನ್ನೂ ಬಲೆನೊ ಕಾರಿನ 1590ರ ಎಂಜಿನ್ನೂ ಇದೇ ಕುಲದವು. ಆದುದರಿಂದ ಹಳೆಯ ಜಿಪ್ಸಿಗೆ ಇವುಗಳಲ್ಲೊಂದನ್ನು ಕೂಡಿಸುವುದು ರ್‍ಯಾಲಿಯ ಸ್ಪರ್ಧಾಳುಗಳಲ್ಲಿಯೂ ಗುಡ್ಡಗಾಡಿನ ಸವಾರರಲ್ಲಿಯೂ ಬಳಕೆಗೆ ಬಂದಿತು. ಸಂಪಾಜೆಯ ಘಟ್ಟವನ್ನೋ ಬಿಸಿಲೆಯ ಏರನ್ನೋ ಭಾರಹೊತ್ತು ಏರಬೇಕಾದವರಿಗೆ ಈ ಆಕರ್ಷಣೆ ಸಣ್ಣದಲ್ಲ.

ಆದರೆ ಏರಿದ ವಾಹನ ಇಳಿಯಲೂ ಬೇಕು. 45 ಅಶ್ವಬಲಕ್ಕೆಂದು ರಚಿಸಿದ ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು, ರೇಡಿಯೇಟರು ಇವು ಅದರ ಎರಡರಷ್ಟು ಬಲವನ್ನು ತಾಳಲಾರದೆ ಒಂದೊಂದಾಗಿ ಸೋಲಬಹುದು. ಇವುಗಳ ಸೋಲು ದಾರಿಯಲ್ಲಿ ನಿಲ್ಲಿಸುವುದಷ್ಟೆ. ಬ್ರೇಕಿನ ಸೋಲು ಪ್ರಾಣಕ್ಕೇ ಮುಳುವು. ವೇಗವು ಇಮ್ಮಡಿಯಾದರೆ ವಾಹನವನ್ನು ನಿಲ್ಲಿಸಲು ಕಳೆಯಬೇಕಾದ ಚಲನಶಕ್ತಿ ನಾಲ್ಮಡಿಯಾಗುವುದೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ವಿಷಯ. ಎಂಜಿನ್ನಿಗೆ ಹಣ ಸುರಿದು ಬ್ರೇಕನ್ನು ಹಾಗೆಯೇ ಬಿಟ್ಟವನು ಈ ಪಾಠವನ್ನು ಓದಿ ಮರೆತವನೆನ್ನಬೇಕು. ಅದಲ್ಲದೆ ಇಲ್ಲಿಯ ದೀರ್ಘವಾದ ಮಳೆಗಾಲವು ವಾಹನಗಳ ತಳವನ್ನು ಒಳಗೊಳಗೇ ತಿನ್ನುತ್ತದೆ. ಎಂಜಿನ್ನಿನ ಆಸರೆಗಳು ನಿಲ್ಲುವ ಉಕ್ಕಿನ ಚೌಕಟ್ಟನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡದೆ ಅಧಿಕ ಭಾರದ ಎಂಜಿನ್ನನ್ನು ಅದರ ಮೇಲೆ ಏರಿಸುವುದು ಗೆದ್ದಲು ತಿಂದ ತೊಲೆಗೆ ಅಟ್ಟ ಕಟ್ಟಿದಂತೆ.

ಗುಜರಿಯಲ್ಲಿ ಎಂಜಿನ್ನನ್ನು ಆರಿಸುವಾಗ ಅನುಭವಿಗಳು ನೋಡುವ ಲಕ್ಷಣಗಳಿವೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಹಾಲುಗೆನೆಯಂತಹ ಬಿಳುಪು ಹೆಚ್ಚಾಗಿ ಕಂಡರೆ ಆಯಿಲಿಗೆ ನೀರು ಸೇರಿದೆಯೆಂದು ಸಂಶಯಿಸಬೇಕು. ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು, ನೆರೆಯಲ್ಲಿ ಮುಳುಗಿದ ವಾಹನವೂ ಆಗಿರಬಹುದು. ಚಾಲನೆ ಮಾಡಿ ತೋರಿಸಿದರೆ ಹೊಗೆಯ ಬಣ್ಣವನ್ನು ನೋಡಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಕಂಪ್ರೆಷನ್ ಮಾಪಕದಲ್ಲಿ ಎಲ್ಲ ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಮೆ ಸಮನಾಗಿರಬೇಕು. ಒಂದು ಮಾತ್ರ ಬಹಳ ಇಳಿದಿದ್ದರೆ ಆ ಎಂಜಿನ್ನನ್ನು ಬಿಚ್ಚದೆ ನಂಬಲಾಗದು. ಎಷ್ಟೇ ಒಳ್ಳೆಯ ಎಂಜಿನ್ನಾದರೂ ವಾಹನಕ್ಕೆ ಕೂಡಿಸುವ ಮುನ್ನ ಟೈಮಿಂಗ್ ಬೆಲ್ಟು, ಆಯಿಲ್ ಸೀಲುಗಳು, ನೀರಿನ ಕೊಳವೆಗಳು ಇವನ್ನು ಹೊಸದಾಗಿ ಹಾಕಿಸಬೇಕು. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರ ಪ್ರಮಾಣದವರೆಗೂ ಎಥನಾಲ್ ಬೆರೆಯುತ್ತಿದೆ. ಹಳೆಯ ವಾಹನಗಳ ರಬ್ಬರು ಭಾಗಗಳು ಅದನ್ನು ತಾಳಲೆಂದು ರಚಿತವಾದವುಗಳಲ್ಲವಾದ ಕಾರಣ ಇಂಧನದ ಕೊಳವೆಗಳನ್ನೂ ಬದಲಿಸುವುದು ಕ್ಷೇಮ.

ಬಾಗಿಲು, ಗಾಜು, ಆಸನ, ದೀಪದ ಗೂಡು, ಗೇರ್‌ಬಾಕ್ಸಿನ ಹೊರಕವಚ ಮುಂತಾದವನ್ನು ಗುಜರಿಯಿಂದ ತರುವುದರಲ್ಲಿ ದೋಷವಿಲ್ಲ. ಬ್ರೇಕಿನ ಕೊಳವೆ ಮತ್ತು ಪ್ಯಾಡು, ಸ್ಟಿಯರಿಂಗಿನ ಬಾಲ್ ಜಾಯಿಂಟು, ಸೀಟ್ ಬೆಲ್ಟು, ಟಯರು ಇವನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯದನ್ನು ತರಬಾರದು. ಇವುಗಳ ಸವೆತವು ಎಲ್ಲ ವೇಳೆಯೂ ಕಣ್ಣಿಗೆ ಕಾಣದು. ಸೋಲುವ ಮುನ್ನ ಇವು ಸೂಚನೆ ಕೊಡುವುದೂ ನಿಶ್ಚಯವಲ್ಲ.

ಮೂರನೆಯದಾದ ದಾಖಲೆಯನ್ನು ಅನೇಕರು ಕೊನೆಗೆ ನೆನೆಯುತ್ತಾರೆ. ಮೊದಲು ನೆನೆಯಬೇಕಾದುದು ಅದನ್ನೇ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಹಾಳಾದ ಎಂಜಿನ್ನಿನ ಸ್ಥಾನದಲ್ಲಿ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನಿಡಲು ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ದಾಖಲಿಸಿಕೊಳ್ಳುವುದು ಕ್ರಮ. ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ಕೆಎ 21 ಎಂಬ ಸಂಕೇತದಡಿ ನೋಂದಣಿಯಾದ ವಾಹನವು ಹದಿನೈದು ವರುಷ ತುಂಬಿ ನವೀಕರಣಕ್ಕೆ ಬಂದಾಗ ಎಂಜಿನ್ ಸಂಖ್ಯೆಯನ್ನೂ ಚಾಸಿಸ್ ಸಂಖ್ಯೆಯನ್ನೂ ಪತ್ರದೊಡನೆ ತಾಳೆ ನೋಡುತ್ತಾರೆ. ಹೀಗೆ ನೋಡಿದಾಗ ಓಮ್ನಿಗೆ ಓಮ್ನಿಯ ಎಂಜಿನ್ನು ತರುವ ದಾರಿ ಸುಗಮ. 970ರ ಜಿಪ್ಸಿಗೆ ಬಲೆನೊವಿನ ಎಂಜಿನ್ನು ಗ್ಯಾರೇಜಿನಲ್ಲಿ ಎಷ್ಟು ಚೆನ್ನಾಗಿ ಹೊಂದಿದರೂ ರಸ್ತೆಯ ಮಟ್ಟಿಗೆ ಅದು ಒಪ್ಪಿತವಲ್ಲ. ಅಪಘಾತವಾದರೆ ವಿಮೆಯವರು ಪರಿಹಾರವನ್ನು ನಿರಾಕರಿಸಲು ಇದೇ ಕಾರಣವಾಗಬಹುದು. ಆಗ ನಷ್ಟ ಹೊರಬೇಕಾದವನು ಮಾಲಿಕನೊಬ್ಬನೇ ಅಲ್ಲ. ಗಾಯಗೊಂಡವರೂ ಅವರ ಸಂಸಾರವೂ ಅದರಲ್ಲಿ ಪಾಲುದಾರರಾಗುತ್ತಾರೆ.

ಎಂಜಿನ್ನು ಕೊಳ್ಳುವಾಗ ಅದು ಯಾವ ವಾಹನದ್ದೆಂಬುದಕ್ಕೆ ಆಧಾರವನ್ನೂ ಕೇಳಿ ಪಡೆಯಬೇಕು. ಮಾರಾಟದ ರಸೀದಿ, ಮೂಲ ವಾಹನದ ನೋಂದಣಿ ಪತ್ರದ ಪ್ರತಿ, ಆ ನೋಂದಣಿಯು ರದ್ದಾದುದರ ದಾಖಲೆ ಇವಿಲ್ಲದ ಎಂಜಿನ್ನು ಕಳವಿನ ವಾಹನದ್ದಾಗಿರಬಹುದು. ಸಂಖ್ಯೆಯ ಮೇಲೆ ಅರದ ಗುರುತೋ ಮರುಕೆತ್ತನೆಯೋ ಕಂಡರೆ ಬೆಲೆಯನ್ನು ವಿಚಾರಿಸದೆ ಹಿಂದಿರುಗುವುದು ಉತ್ತಮ. 2021ರಲ್ಲಿ ನೋಂದಾಯಿತ ವಾಹನ ಕಳಚುವ ಘಟಕಗಳಿಗೆ ಕೇಂದ್ರಸರ್ಕಾರವು ನಿಯಮಗಳನ್ನು ರೂಪಿಸಿತು. 2023ರ ಏಪ್ರಿಲ್ 1ರಿಂದ ಹದಿನೈದು ವರುಷ ಮೀರಿದ ಸರ್ಕಾರಿ ವಾಹನಗಳನ್ನು ರಸ್ತೆಯಿಂದ ತೆಗೆಯುವ ನಿಯಮವೂ ಜಾರಿಗೆ ಬಂದಿತು.

ಇಷ್ಟು ಶ್ರಮಪಟ್ಟು ಹಳೆಯದನ್ನು ಉಳಿಸಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಚಾಸಿಸ್ಸು ಗಟ್ಟಿಯಾಗಿದ್ದು, ಅದೇ ಬಗೆಯ ಎಂಜಿನ್ನು ಸರಿಯಾದ ಪತ್ರಗಳೊಡನೆ ದೊರೆತರೆ ಉಳಿಸುವುದು ಯುಕ್ತ. ಹೊಸ ವಾಹನದ ಸಾಲವನ್ನು ಹೊರಲಾರದ ಸಣ್ಣ ಹಿಡುವಳಿದಾರನಿಗೆ ಅದು ಹಲವು ವರುಷಗಳ ನೆಮ್ಮದಿ. ಚೌಕಟ್ಟೇ ತುಕ್ಕಿಗೆ ತುತ್ತಾಗಿದ್ದರೆ ಬೇರೆ ಎಂಜಿನ್ನಿನಿಂದ ಅದಕ್ಕೆ ಪುನರ್ಜನ್ಮ ಬರಲಾರದು. ಅಂತಹ ವಾಹನವು ತನ್ನ ಸತ್ತ್ವವುಳ್ಳ ಭಾಗಗಳನ್ನು ಮತ್ತೊಂದಕ್ಕೆ ಕೊಟ್ಟು ಮುಗಿಯುವುದೇ ಸಾರ್ಥಕ.

ಯಾವ ಕಾರಿನ ಯಾವ ಭಾಗ ಮತ್ತಾವುದಕ್ಕೆ ಹೊಂದುತ್ತದೆ, ಎಲ್ಲಿ ತಿದ್ದಬೇಕು, ಎಲ್ಲಿ ಮುಟ್ಟಬಾರದು ಎಂಬ ಜ್ಞಾನವು ಈಗ ಬಹುಪಾಲು ವೃದ್ಧ ಮೇಸ್ತ್ರಿಗಳ ನೆನಪಿನಲ್ಲಿ ಮಾತ್ರ ಇದೆ. ಅವರಲ್ಲನೇಕರು ಅದನ್ನು ಬರೆದಿಟ್ಟವರಲ್ಲ; ಗ್ಯಾರೇಜಿನ ಹುಡುಗರೂ ಈಗ ಹೊಸ ವಾಹನಗಳ ಕಡೆಗೆ ತಿರುಗುತ್ತಿದ್ದಾರೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಅಧ್ಯಾಪಕರೂ ಈ ವೃತ್ತಿಯಲ್ಲಿ ನೆಲೆಗೊಂಡ ಹಳೆಯ ವಿದ್ಯಾರ್ಥಿಗಳೂ ಅವರ ಬಳಿ ಕುಳಿತು, ವಾಹನವೊಂದಕ್ಕೆ ಒಂದೊಂದು ಪುಟದಂತೆ ಈ ವಿವರಗಳನ್ನು ಟಿಪ್ಪಣಿ ಮಾಡಿಕೊಂಡರೆ, ಓಮ್ನಿ ಜಿಪ್ಸಿಗಳು ಗುಡ್ಡವೇರುವಷ್ಟು ಕಾಲವೂ ಅದು ನೂರಾರು ಮನೆಗಳಿಗೆ ಉಪಕಾರಿಯಾಗುವುದು.