ಮೊಬೈಲಿಗೆ ಯಾವ ಬ್ರೌಸರ್ ಒಳ್ಳೆಯದು?

ಪ್ರಶ್ನೆ: ಫೋನಿನಲ್ಲಿ ಕ್ರೋಮ್ ಇದ್ದೇ ಇದೆ. ಬೇರೆ ಬ್ರೌಸರ್ ಹಾಕಿಕೊಂಡರೆ ಏನಾದರೂ ಲಾಭವಿದೆಯೇ?

ಉತ್ತರ: ಆಂಡ್ರಾಯ್ಡ್ ಫೋನಾದರೆ ಖಂಡಿತ ಇದೆ. ಸುದ್ದಿ ಓದುವಾಗ ಪರದೆ ತುಂಬ ಜಾಹೀರಾತು ಬಂದು ಕಾಟ ಕೊಡುತ್ತಿದ್ದರೆ ಫೈರ್‌ಫಾಕ್ಸ್ ಹಾಕಿಕೊಳ್ಳಿ. ಅದರ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ಒತ್ತಿ ‘ಯುಬ್ಲಾಕ್ ಒರಿಜಿನ್’ ಸೇರಿಸಿದರೆ ಹೆಚ್ಚಿನ ಜಾಹೀರಾತುಗಳು ಬರುವುದೇ ಇಲ್ಲ; ಡೇಟಾವೂ ಉಳಿಯುತ್ತದೆ. ಬ್ರೇವ್ ಬ್ರೌಸರ್‌ನಲ್ಲಿ ಈ ಜಾಹೀರಾತು ತಡೆ ಮೊದಲೇ ಇರುತ್ತದೆ. ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನಲ್ಲಿ ಒಪೆರಾ ಮಿನಿ ಅನುಕೂಲ. ಅದು ಪುಟವನ್ನು ತನ್ನ ಸರ್ವರ್‌ನಲ್ಲೇ ಕುಗ್ಗಿಸಿ ಕಳಿಸುತ್ತದೆ. ಭಾರತದ ಐಫೋನ್‌ಗಳಲ್ಲಿ ಎಲ್ಲ ಬ್ರೌಸರ್‌ಗಳೂ ಸಫಾರಿಯ ವೆಬ್‌ಕಿಟ್ ಎಂಜಿನ್ ಮೇಲೆಯೇ ಓಡುವುದರಿಂದ ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಯಾವುದನ್ನೇ ಬಳಸಿದರೂ ಅಧಿಕೃತ ಆ್ಯಪ್ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ, ಅಪ್‌ಡೇಟ್ ಮಾಡುವುದನ್ನು ಮರೆಯಬೇಡಿ.