ಚಿಕೋರಿ ಕಾಫಿಯ ಊರಿನಲ್ಲಿ ಒಂದು ಸುತ್ತು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು 1718ರಲ್ಲಿ ಫ್ರೆಂಚರು ಕಟ್ಟಿದರು. ಮಿಸಿಸಿಪಿ ನದಿಯ ತಿರುವಿನಲ್ಲಿರುವ ಇದು ಹಳೆಯ ಕಾಫಿ ಬಂದರು. ಆದ್ದರಿಂದ ನಾವು ಕಾರಿನ ಸುತ್ತಾಟವನ್ನು ಜಾಕ್ಸನ್ ಚೌಕದ ಎದುರಿನ ಕಾಫಿ ಅಂಗಡಿಯಿಂದಲೇ ಆರಂಭಿಸಿದೆವು.

1862ರಿಂದ ನಡೆದುಬಂದಿರುವ ಈ ‘ಕೆಫೆ ದು ಮೋಂಡ್’ನಲ್ಲಿ ಕೊಡುವುದು ಚಿಕೋರಿ ಬೆರೆಸಿದ ಹಾಲು ಕಾಫಿ, ಜೊತೆಗೆ ಸಕ್ಕರೆ ಪುಡಿ ಉದುರಿಸಿದ ಕರಿದ ತಿಂಡಿ. ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿಬೀಜ ದುರ್ಲಭವಾದಾಗ, ಫ್ರೆಂಚರಿಗೆ ಮೊದಲೇ ಗೊತ್ತಿದ್ದ ಚಿಕೋರಿ ಬೇರನ್ನು ಜನ ಹುರಿದು ಬೆರೆಸಿದರು. 1865ರಲ್ಲಿ ಯುದ್ಧ ಮುಗಿಯಿತು, ಕಾಫಿ ಮತ್ತೆ ಬಂತು; ಚಿಕೋರಿ ಮಾತ್ರ ಹೋಗಲಿಲ್ಲ. ಅಭಾವದ ಕೆಲವೇ ವರ್ಷಗಳಲ್ಲಿ ಊರಿದ ರುಚಿ ಒಂದೂವರೆ ಶತಮಾನ ದಾಟಿದೆ. ಬೆಳೆಗಾರರಿಗೆ ಇದು ನಗುವ ವಿಷಯವಲ್ಲ!

ಕೆನಾಲ್ ಬೀದಿ ದಾಟಿದರೆ ಸೇಂಟ್ ಚಾರ್ಲ್ಸ್ ಅವೆನ್ಯೂ. ಇಕ್ಕೆಲದಲ್ಲಿ ಓಕ್ ಮರಗಳ ಚಪ್ಪರ, ನಡುವೆ ಹಸಿರು ಟ್ರಾಮು. ಈ ಟ್ರಾಮ್ ಮಾರ್ಗ 1835ರದು. ಇಲ್ಲಿ ನಿಧಾನವಾಗಿ ಓಡಿಸುವುದೇ ಸುಖ. ಪಕ್ಕದ ಗಾರ್ಡನ್ ಡಿಸ್ಟ್ರಿಕ್ಟ್‌ನ ಕಂಬಸಾಲಿನ ಬಂಗಲೆಗಳಲ್ಲಿ ಹಲವು ಹತ್ತಿ, ಸಕ್ಕರೆಯ ಹಣದಿಂದ ಎದ್ದವು. ಆ ತೋಟಗಳಲ್ಲಿ ದುಡಿದವರು ಗುಲಾಮರು. ಯುದ್ಧಕ್ಕೆ ಮುಂಚೆ ದೇಶದ ಅತಿ ದೊಡ್ಡ ಗುಲಾಮರ ಮಾರುಕಟ್ಟೆ ಇದೇ ಊರಿನಲ್ಲಿತ್ತು. ಬಂಗಲೆ ನೋಡಿದ ಮೇಲೆ ಲೈನ್‌ಮನೆ ಎಲ್ಲಿ ಎಂದು ಕೇಳುವುದನ್ನು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಆಡುಬಾನ್ ಉದ್ಯಾನ ದಾಟಿದರೆ ನದಿಯ ಒಡ್ಡು. 2005ರ ಕತ್ರಿನಾ ಚಂಡಮಾರುತದಲ್ಲಿ ಕಾಲುವೆಗಳ ತಡೆಗೋಡೆ ಒಡೆದು ನಗರದ ಸುಮಾರು ಶೇಕಡಾ 80 ಭಾಗ ಮುಳುಗಿತು. ನಾವು ಸುತ್ತಿದ ಹಳೆಯ ಬೀದಿಗಳು ಬಹುಪಾಲು ಉಳಿದವು. ನದಿಯಂಚಿನ ಎತ್ತರದ ನೆಲವನ್ನು ಮೊದಲು ಬಂದವರು ಹಿಡಿದಿದ್ದರು. ತಗ್ಗಿನ ಬಡಾವಣೆಗಳಿಂದ ಹೋದ ಅನೇಕರು ಮರಳಿ ಬರಲೇ ಇಲ್ಲ.